ಮಗ್ಗದ ಸದ್ದೂ ಇರಲಿ, ಮಾತೂ ಕೇಳಲಿ

ಹೋದ ವರ್ಷ ಇಳಕಲ್ಲಿಗೆ ಹೋಗಿ ಒಬ್ಬ ಹಿರಿಯ ನೇಕಾರರ ಬಗ್ಗೆ ಆರು ನಿಮಿಷದ ವಿಡಿಯೊ ಮಾಡಿದೆ. ಕುಣಿ ಮಗ್ಗ, ಕೆಂಪು ಸೆರಗು, ಕಿಟಕಿಯಿಂದ ಬೀಳುವ ಬೆಳಕು, ಎಲ್ಲ ಚೆನ್ನಾಗಿಯೇ ಬಂದಿತ್ತು. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಮುಗಿದ ಮೇಲೆ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: ‘ಕೊಳಲು ಭಾಳ ಚೆನ್ನಾಗಿತ್ತು. ಆದ್ರೆ ಅವರು ಏನು ಹೇಳಿದ್ರು?’ ‘ಸೆರಗು’ ಅಂದಿದ್ದು ಅವರಿಗೆ ‘ಎರಗು’ ಅಂತ ಕೇಳಿಸಿತ್ತಂತೆ.

ತಪ್ಪು ಮೈಕಿನದ್ದಲ್ಲ, ನನ್ನದೇ. ಮಾತು, ಮಗ್ಗ, ಕೊಳಲು ಮೂರನ್ನೂ ಟೈಮ್‌ಲೈನ್‌ಗೆ ಸುರಿದು ಸುಮ್ನೆ ಎಕ್ಸ್‌ಪೋರ್ಟ್ ಮಾಡಿದ್ದೆ. ಅದೇ ವಿಡಿಯೊವನ್ನು ಮತ್ತೆ ಮಿಕ್ಸ್ ಮಾಡಿದ್ದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಬಳಸಿದ್ದು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಬೇರೆ ಸಾಫ್ಟ್‌ವೇರ್ ಆದರೆ ಬಟನ್ ಇರುವ ಜಾಗ ಬೇರೆ, ಕೆಲಸ ಇದೇ.

ಮೊದಲು ಬೇರೆ ಬೇರೆ ಮಾಡಿ

ಎಡಿಟಿಂಗ್ ಪೂರ್ತಿ ಮುಗಿದ ಮೇಲೆ ಕೆಳಗಿನ ಸಾಲಿನಲ್ಲಿರುವ ಫೇರ್‌ಲೈಟ್ ಪುಟಕ್ಕೆ ಹೋಗಿ. ಧ್ವನಿಯ ಕೆಲಸವೆಲ್ಲ ಅಲ್ಲೇ. (ಈ ಹೆಸರಿಗೊಂದು ಕಥೆ ಇದೆ. ಫೇರ್‌ಲೈಟ್ ಅನ್ನುವುದು 1975ರಲ್ಲಿ ಸಿಡ್ನಿಯಲ್ಲಿ ಶುರುವಾದ ಕಂಪನಿ. ಅಲ್ಲಿನ ಬಂದರಿನಲ್ಲಿ ಓಡಾಡುತ್ತಿದ್ದ ಒಂದು ದೋಣಿಯ ಹೆಸರನ್ನೇ ಇಟ್ಟುಕೊಂಡಿದ್ದರು. 2016ರಲ್ಲಿ ರಿಸಾಲ್ವ್ ತಯಾರಿಸುವ ಬ್ಲ್ಯಾಕ್‌ಮ್ಯಾಜಿಕ್ ಅದನ್ನು ಕೊಂಡು, ಮರುವರ್ಷ ರಿಸಾಲ್ವ್ ಒಳಗೇ ಸೇರಿಸಿತು.)

ಒಂದು ಟ್ರ್ಯಾಕ್‌ನಲ್ಲಿ ಬರೀ ಮಾತು, ಇನ್ನೊಂದರಲ್ಲಿ ಮಗ್ಗ, ಮೂರನೆಯದರಲ್ಲಿ ಸಂಗೀತ. ಹೆಸರನ್ನೂ ಬರೆದಿಡಿ. ಒಂದೇ ಟ್ರ್ಯಾಕ್‌ನಲ್ಲಿ ಮಾತಿನ ಪಕ್ಕ ಹಾಡಿನ ತುಂಡು ಸೇರಿಕೊಂಡರೆ ಮುಂದೆ ಮಾಡುವುದೆಲ್ಲ ಕೆಡುತ್ತದೆ.

ಕಾಲರ್ ಮೈಕಿನ ಧ್ವನಿ ಎಷ್ಟೋ ಸಲ ಎಡಗಿವಿಯಲ್ಲಿ ಮಾತ್ರ ಕೇಳುತ್ತದೆ. ಗಾಬರಿ ಬೇಡ. ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಆಡಿಯೊ ಆರಿಸಿ, ಎಡ ಬಲ ಎರಡೂ ಚಾನೆಲ್‌ಗೆ ಧ್ವನಿ ಇರುವ ಆ ಒಂದೇ ಚಾನೆಲ್ ಕೊಟ್ಟರೆ ಎರಡೂ ಕಡೆ ಬರುತ್ತದೆ. ಕತ್ತರಿಸುವ ಮೊದಲೇ, ಮೂಲ ಫೈಲ್‌ಗಳೆಲ್ಲ ಇರುವ ಮೀಡಿಯಾ ಪೂಲ್‌ನಲ್ಲಿ ಮಾಡಿಕೊಂಡರೆ ಪ್ರತಿ ತುಂಡಿಗೂ ಮಾಡುವ ಗೋಳಿಲ್ಲ.

ಮಾತಿನದ್ದೇ ಅರ್ಧ ಕೆಲಸ

ಮಗ್ಗ ಮತ್ತು ಸಂಗೀತದ ಟ್ರ್ಯಾಕ್‌ಗಳನ್ನು ಮ್ಯೂಟ್ ಮಾಡಿ. ಈಗ ಕೇಳಬೇಕಾದ್ದು ಆ ಹಿರಿಯರನ್ನು ಮಾತ್ರ.

ಮೀಟರ್‌ನಲ್ಲಿ ಸೊನ್ನೆ ಅನ್ನುವುದು ಚಾವಣಿ. ಅದನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ. ಎಲ್ಲ ಲೆಕ್ಕವೂ ಅದರಿಂದ ಕೆಳಕ್ಕೆ, ಅಂದರೆ ಮೈನಸ್‌ನಲ್ಲಿ. ಮಾತಿನ ಜೋರಾದ ಜಾಗಗಳು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಕುಣಿಯುವಂತೆ ನೋಡಿಕೊಳ್ಳಿ. ನಮ್ಮ ನೇಕಾರರು ನಗುವಾಗ ಗಟ್ಟಿ, ತೀರಿಹೋದ ತಂದೆಯ ವಿಷಯ ಬಂದಾಗ ಪಿಸುಮಾತು. ಮೊದಲು ಆ ಕ್ಲಿಪ್‌ಗಳನ್ನು ಕೈಯಿಂದಲೇ ಏರಿಸಿ ಇಳಿಸಿ ಹತ್ತಿರ ತಂದೆ. ಆಮೇಲೆ ಜೋರು ಸದ್ದನ್ನು ಮಾತ್ರ ತಾನಾಗಿ ಒತ್ತುವ ಕಂಪ್ರೆಸರ್: ರೇಶಿಯೊ (ಒತ್ತುವ ಪ್ರಮಾಣ) 3ಕ್ಕೆ 1, ಜೋರು ಮಾತಿನಲ್ಲಿ ಮೂರರಿಂದ ಆರು ಡೆಸಿಬಲ್ ಇಳಿಯುವಷ್ಟು. ಜಾಸ್ತಿ ಒತ್ತಿದರೆ ಬಸ್ ನಿಲ್ದಾಣದ ಅನೌನ್ಸ್‌ಮೆಂಟ್ ಥರ ಆಗುತ್ತದೆ. ಪಿಸುಮಾತು ಸ್ವಲ್ಪ ಮೆತ್ತಗೇ ಇರಲಿ ಬಿಡಿ, ಅದು ಪಿಸುಮಾತು ಅಲ್ವಾ?

ಇನ್ನು ಈಕ್ಯೂ, ಅಂದರೆ ದಪ್ಪ ಸದ್ದು, ಕೀರಲು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ. ಅದರ ಲೆಕ್ಕ ಹರ್ಟ್ಸ್‌ನಲ್ಲಿ: ಸಂಖ್ಯೆ ಹೆಚ್ಚಿದಷ್ಟೂ ಸದ್ದು ಕೀರಲು. ಮಿಕ್ಸರ್‌ನಲ್ಲಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಗ್ರಾಫ್ ತೆರೆಯುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡಿ. ಅಲ್ಲಿರುವುದು ಗಾಳಿ, ಲಾರಿ, ನೆಲದ ಅದುರು. ಗಂಡಸರ ಮಾತಿಗೂ ಅದರಿಂದ ನಷ್ಟವಿಲ್ಲ. ಧ್ವನಿ ಮಡಕೆಯೊಳಗಿಂದ ಬಂದಂತೆ ಇದ್ದರೆ 300 ಹರ್ಟ್ಸ್ ಸುತ್ತಮುತ್ತ ಎರಡು ಮೂರು ಡೆಸಿಬಲ್ ಇಳಿಸಿ.

ಚಿಕ್ಕಮ್ಮನ ‘ಎರಗು’ ಹುಟ್ಟಿದ್ದು ಇದಕ್ಕಿಂತ ಮೇಲೆ. ಅ, ಆ, ಒ ಥರದ ಸ್ವರಗಳ ಬಲವೆಲ್ಲ ಕೆಳಗಿನ ಹರ್ಟ್ಸ್‌ಗಳಲ್ಲಿರುತ್ತದೆ. ಸ, ಶ, ಚ, ತ ಗುರುತು ಸಿಗುವುದು ಸುಮಾರು 2,000 ಹರ್ಟ್ಸ್ ದಾಟಿದ ಮೇಲೆ. ‘ಸ’ ಅಂತೂ 5,000 ದಾಟಿಯೂ ಹೋಗುತ್ತದೆ. ಮಗ್ಗದ ‘ಠಕ್’ ಕೂಡ ಆ ಜಾಗದಲ್ಲೇ ಚೂಪಾಗಿ ಬಡಿಯುತ್ತದೆ, ಕೊಳಲೂ ಅಲ್ಲಿಗೇ ಬಂದು ಕೂರುತ್ತದೆ. ಮೂವರಿಗೆ ಒಂದೇ ಚಾಪೆ. ಹಾಗಂತ ಮಾತಿನ ವಾಲ್ಯೂಮ್ ಏರಿಸುತ್ತಾ ಹೋಗಬೇಡಿ. ಮಗ್ಗ ಮತ್ತು ಸಂಗೀತದ ಈಕ್ಯೂ ತೆರೆದು 2,000ದಿಂದ 5,000ದವರೆಗೆ ಮೂರ್ನಾಲ್ಕು ಡೆಸಿಬಲ್ ಅಗಲವಾಗಿ ತಗ್ಗಿಸಿ. ಅಷ್ಟಕ್ಕೇ ‘ಸೆರಗು’ ಸೆರಗಾಯಿತು.

ಟ್ಯೂಬ್‌ಲೈಟಿನ ‘ಗುಂಯ್’ ಇದ್ದರೆ ಡಿ-ಹಮ್ಮರ್ ಹಾಕಿ, 50 ಹರ್ಟ್ಸ್ ಆರಿಸಿ. ನಮ್ಮ ಕರೆಂಟು ಅದೇ. 60 ಇರುವುದು ಅಮೆರಿಕದಂಥ ಕಡೆ. ಫ್ಯಾನ್ ಸದ್ದಿಗೆ ನಾಯ್ಸ್ ರಿಡಕ್ಷನ್ ಇದೆ. ಯಾರೂ ಮಾತಾಡದ ಎರಡು ಸೆಕೆಂಡ್ ಕೇಳಿಸಿ ಅದಕ್ಕೆ ಕಲಿಸಬೇಕು. ಪೂರ್ತಿ ತೆಗೆಯಲು ಹೋದರೆ ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತದೆ. ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ.

ಮಗ್ಗ

ಇದರಲ್ಲಿ ನನಗೆ ಅದೃಷ್ಟವಿತ್ತು. ‘ಮಗ್ಗ ನಿಂದ್ರಸ್ಲೇನು?’ ಅಂತ ಅವರೇ ಕೇಳಿ, ನಿಲ್ಲಿಸಿ ಮಾತಾಡಿದ್ದರು. ಬರೀ ಮಗ್ಗದ ಸದ್ದನ್ನು ಎರಡು ನಿಮಿಷ, ಸುಮ್ಮನಿದ್ದ ಕೋಣೆಯ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡಿದ್ದೆ. ಆ ಖಾಲಿ ಕೋಣೆಯ ಸದ್ದು ಬಂಗಾರ. ಮಾತಿನ ನಡುವೆ ಕತ್ತರಿಸಿದ ಕಡೆಯೆಲ್ಲ ಧ್ವನಿ ‘ಧೊಪ್’ ಅಂತ ಸತ್ತುಹೋಗುತ್ತದೆ. ಅಲ್ಲಿ ಇದನ್ನು ತುಂಬಿ, ಕ್ಲಿಪ್‌ಗಳ ಮೂಲೆ ಎಳೆದು ಪುಟ್ಟ ಫೇಡ್ ಕೊಟ್ಟರೆ ತೇಪೆ ಕಾಣುವುದಿಲ್ಲ.

ತೆರೆಯ ಮೇಲೆ ಕೈ ನೇಯುತ್ತಿರುವಾಗ ಮಗ್ಗ ಧಾರಾಳವಾಗಿ ಕೇಳಲಿ, ಮೈನಸ್ 15ರ ಹತ್ತಿರ. ಮಾತು ಶುರುವಾದಾಗ ಮೈನಸ್ 30ಕ್ಕೆ ಇಳಿಯಲಿ. ಇನ್ನೊಂದು ಉಪಾಯ: ಮಗ್ಗದ ಚಿತ್ರ ಬರುವ ಒಂದು ಸೆಕೆಂಡ್ ಮೊದಲೇ ಸದ್ದು ಬರುವಂತೆ ಕ್ಲಿಪ್ ಎಳೆಯಿರಿ. ನೋಡುವವರಿಗೆ ಯಾಕೆ ಅಂತ ಗೊತ್ತಾಗುವುದಿಲ್ಲ, ಆದರೆ ದೃಶ್ಯ ಜಾರಿಕೊಂಡು ಬಂದಂತೆ ಅನಿಸುತ್ತದೆ.

ಸಂಗೀತ ಕೊನೆಗೆ

ಸಾಹಿತ್ಯವಿರುವ ಹಾಡು ಬೇಡ. ಎರಡು ಕನ್ನಡ ಒಟ್ಟಿಗೆ ಕಿವಿಗೆ ಬಿದ್ದರೆ ಒಂದೂ ಉಳಿಯುವುದಿಲ್ಲ. ಮಾತಿನ ಕೆಳಗೆ ಸಂಗೀತ ಮೈನಸ್ 25ರಿಂದ 30. ಏರಿಳಿಸಲು ಎಡಿಟ್ ಪುಟದಲ್ಲಿ ಕ್ಲಿಪ್ ಮೇಲಿನ ವಾಲ್ಯೂಮ್ ಗೆರೆಯನ್ನು ಆಲ್ಟ್ ಒತ್ತಿ ಕ್ಲಿಕ್ ಮಾಡಿ. ಮ್ಯಾಕ್ ಆದರೆ ಆಪ್ಷನ್. ಚುಕ್ಕೆ ಬೀಳುತ್ತದೆ. ನಾಲ್ಕು ಚುಕ್ಕೆ ಇಟ್ಟು ನಡುವಿನ ಗೆರೆ ಇಳಿಸಿ. ಮಾತು ಬರುವ ಅರ್ಧ ಸೆಕೆಂಡ್ ಮೊದಲೇ ಇಳಿಜಾರು ಶುರುವಾಗಲಿ.

ಇದನ್ನು ತಾನಾಗಿಯೂ ಮಾಡಿಸಬಹುದು. ಮಾತಿನ ಟ್ರ್ಯಾಕ್‌ನ ಡೈನಾಮಿಕ್ಸ್‌ನಲ್ಲಿ (ಕಂಪ್ರೆಸರ್ ಇರುವ ಕಿಟಕಿ) ‘ಸೆಂಡ್’, ಸಂಗೀತದ ಕಂಪ್ರೆಸರ್‌ನಲ್ಲಿ ‘ಲಿಸನ್’ ಒತ್ತಿದರೆ ಮಾತು ಬಂದಾಗೆಲ್ಲ ಸಂಗೀತ ತಲೆ ತಗ್ಗಿಸುತ್ತದೆ. ಗಂಟೆಗಟ್ಟಲೆ ವಿಡಿಯೊಗೆ ಒಳ್ಳೆಯದು. ಆರು ನಿಮಿಷಕ್ಕೆ ನಾನು ಕೈಯಿಂದಲೇ ಮಾಡುತ್ತೇನೆ. ಅವರು ಮಾತಿನ ನಡುವೆ ಉಸಿರೆಳೆದುಕೊಂಡಾಗಲೆಲ್ಲ ಕೊಳಲು ಇಣುಕುವುದು ನನಗೆ ಇಷ್ಟವಾಗಲಿಲ್ಲ.

ಹೊರಗೆ ಬಿಡುವ ಮುನ್ನ

ಲೌಡ್‌ನೆಸ್ ಮೀಟರ್ ಚಾಲೂ ಮಾಡಿ ವಿಡಿಯೊ ಪೂರ್ತಿ ಓಡಿಸಿ. ಯೂಟ್ಯೂಬ್‌ನ ಅಳತೆ ಮೈನಸ್ 14 ಎಲ್‌ಯುಎಫ್‌ಎಸ್ (ಒಟ್ಟಾರೆ ಕಿವಿಗೆ ಎಷ್ಟು ಜೋರು ಅನ್ನುವುದರ ಲೆಕ್ಕ). ಇದಕ್ಕಿಂತ ಜೋರಿದ್ದರೆ ಅದೇ ಇಳಿಸುತ್ತದೆ. ಮೆತ್ತಗಿದ್ದರೆ ಮಾತ್ರ ಏರಿಸುವುದಿಲ್ಲ, ಹಾಗೇ ಬಿಡುತ್ತದೆ. ಅದಕ್ಕೇ ತೀರಾ ಕೆಳಗೆ ಬಿಡಬೇಡಿ. ಕೊನೆಯಲ್ಲಿ ಒಂದು ಲಿಮಿಟರ್ ಹಾಕಿ, ಸದ್ದು ದಾಟದಂತೆ ಮೈನಸ್ 1 ಡೆಸಿಬಲ್‌ಗೆ ಬೇಲಿ ಕಟ್ಟಿ. ಅಪ್‌ಲೋಡ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ನೋಡಿ. ಕಂಟೆಂಟ್ ಲೌಡ್‌ನೆಸ್ ಎದುರು ಮೈನಸ್ ಇದ್ದರೆ ಅಷ್ಟು ಡೆಸಿಬಲ್ ಕಡಿಮೆ ಕೊಟ್ಟಿದ್ದೀರಿ ಅಂತ. ನನ್ನ ಮೊದಲ ವಿಡಿಯೊದ್ದು ಮೈನಸ್ 9 ಇತ್ತು!

ಹೆಡ್‌ಫೋನ್‌ನಲ್ಲಿ ಎಲ್ಲವೂ ಚೆಂದವೇ. ಹಾಗಾಗಿ ಎಕ್ಸ್‌ಪೋರ್ಟ್ ಮಾಡಿ ಫೋನಿಗೆ ಹಾಕಿಕೊಂಡೆ. ಅಡುಗೆಮನೆ ಕಟ್ಟೆ ಮೇಲೆ ಇಟ್ಟು, ಚಿಕ್ಕಮ್ಮ ಚಟ್ನಿ ರುಬ್ಬಿ ಮಿಕ್ಸಿ ಆಫ್ ಮಾಡುವುದನ್ನೇ ಕಾದು ಪ್ಲೇ ಒತ್ತಿದೆ. ಒಂದು ಕೈಯಲ್ಲಿ ಸೌಟು ಹಿಡಿದೇ ಪೂರ್ತಿ ಕೇಳಿದರು. ‘ಒಡಲಿಗೆ ಸೆರಗು ಸೇರ್ಸೋಕೆ ಕೊಂಡಿ ಹಾಕ್ತಾರಾ! ಹೋದ ಸಲ ಇದನ್ನ ಹೇಳೇ ಇರ್ಲಿಲ್ವಲ್ಲ ಅವರು’ ಅಂದರು.