ಕರ್ನಲ್ ಮಾತ್ರ 64, ಮಿಕ್ಕಿದ್ದೆಲ್ಲ ಹಳೇ 32

ಬಿಲ್ಲಿಂಗ್ ಓಡುವ 32 ಬಿಟ್ ಡೆಬಿಯನ್ 12 (ಲಿನಕ್ಸ್) ಪೆಟ್ಟಿಗೆಯಲ್ಲಿ ಯೂಸರ್‌ಲ್ಯಾಂಡ್ (ಕರ್ನಲ್ ಬಿಟ್ಟು ಮಿಕ್ಕ ಪ್ರೋಗ್ರಾಂಗಳು) ಮುಟ್ಟದೆ, ಬರೀ ಕರ್ನಲ್ (ವ್ಯವಸ್ಥೆಯ ತಿರುಳು) 64 ಬಿಟ್‌ಗೆ ಬದಲಿಸೋಣ ಅಂದಾಗ ‘ಬೂಟೇ ಆಗಲ್ಲ, ಬರೆದಿಟ್ಕೊಳ್ಳಿ’ ಅಂದವರೇ ಹೆಚ್ಚು. ಆ ಪೆಟ್ಟಿಗೆ ಹೀಗೇ ಓಡಲು ಶುರುವಾಗಿ ಹೆಚ್ಚುಕಡಿಮೆ ಒಂದೂವರೆ ವರ್ಷವಾಯ್ತು.

ಕಾಟ ಕೊಟ್ಟಿದ್ದು ಲೋಮೆಮ್, ಅಂದರೆ 32 ಬಿಟ್ ಕರ್ನಲ್ ನೇರವಾಗಿ ಬಳಸಬಲ್ಲ ಮೆಮೊರಿ. ಪಿಎಇ ಕರ್ನಲ್ (4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸಬಲ್ಲ 32 ಬಿಟ್ ಕರ್ನಲ್), 8 ಜಿಬಿ ರ್‍ಯಾಮ್; ಅರ್ಧ ಖಾಲಿ ಇರುವಾಗಲೇ ಮೆಮೊರಿ ಮುಗಿದಾಗ ಪ್ರೋಗ್ರಾಂ ಕೊಲ್ಲುವ ಓಓಎಂ ಕಿಲ್ಲರ್ ಡೇಟಾಬೇಸನ್ನು ಹೊಡೆದು ಹಾಕುತ್ತಿತ್ತು. ಮೂರು ಸಾವಿರ ಚಿಲ್ಲರೆ ಕೊಟ್ಟು 16ಕ್ಕೆ ಏರಿಸಿದ್ದೇ ತಪ್ಪು, ಇನ್ನೂ ಬೇಗ ಸಾಯತೊಡಗಿತು. ಲೋಮೆಮ್ ಇರುವುದೇ 896 ಎಂಬಿ. 16 ಜಿಬಿ ಪುಟಗಳ ಲೆಕ್ಕ ಇಡಲಿಕ್ಕೇ ಅದರಲ್ಲಿ 128 ಎಂಬಿ ಹೋಗುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನ 64 ಬಿಟ್ ಆವೃತ್ತಿಗೆ ಕೇಳಿದ್ದು ಸುಮಾರು 1.8 ಲಕ್ಷ. ಹಾಗಾಗಿ ಕರ್ನಲ್ ಮಾತ್ರ ಬದಲಿಸುವ ದಾರಿ ಹಿಡಿದೆ.

ಸಿಪಿಯು ಫ್ಲ್ಯಾಗ್‌ಗಳಲ್ಲಿ ‘ಎಲ್‌ಎಂ’ (ಲಾಂಗ್ ಮೋಡ್, ಅಂದರೆ 64 ಬಿಟ್ ಸ್ಥಿತಿ) ಇದ್ದರೆ ಸಾಕು. ಡೆಬಿಯನ್‌ನ ಪ್ಯಾಕೇಜ್ ಸಾಧನ ಡಿಪಿಕೆಜಿಗೆ ಎಎಂಡಿ64 (64 ಬಿಟ್) ಆರ್ಕಿಟೆಕ್ಚರ್ ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ, ಎಎಂಡಿ64 ಕರ್ನಲ್ ಇಮೇಜನ್ನು ಹೆಸರಿನ ಬಾಲಕ್ಕೆ ಕೋಲನ್ ಮತ್ತು ಎಎಂಡಿ64 ಹಚ್ಚಿ ಹಾಕಿದೆ. ಇನಿಟ್‌ರ್‍ಯಾಮ್‌ಎಫ್‌ಎಸ್ (ಬೂಟ್‌ನ ಆರಂಭಕ್ಕೆ ಬೇಕಾದ ತಾತ್ಕಾಲಿಕ ಫೈಲ್ ವ್ಯವಸ್ಥೆ) ಒಳಗಿನ ಬಿಸಿಬಾಕ್ಸ್ ಎಂಬ ಪುಟ್ಟ ಕಮಾಂಡ್ ಕಟ್ಟು 32 ಬಿಟ್‌ನದೇ. 32 ಬಿಟ್ ಪ್ರೋಗ್ರಾಂ ಓಡಿಸುವ ಐಎ32 ಎಮ್ಯುಲೇಶನ್ ಕರ್ನಲ್‌ನಲ್ಲೇ ಇರುವುದರಿಂದ ಸಲೀಸಾಗಿ ಎದ್ದಿತು. ಹಳೇ ಕರ್ನಲನ್ನು ತೆಗೆಯಬೇಡಿ. ಬೂಟ್ ಕೆಟ್ಟರೆ ಬೂಟ್ ಲೋಡರ್ ಗ್ರಬ್ ತಾನಾಗಿ ಅದಕ್ಕೆ ಮರಳುವ ಹಾಗೆ ಮಾಡಿದ್ದೇನೆ. ಹೇಗೆ ಅಂತ ಮಾತ್ರ ಹೇಳಲ್ಲ, ನಮ್ಮ ಹೊಟ್ಟೆಪಾಡು ಅದು.

ಪ್ರೊಸೆಸ್‌ಗೆ 3 ಜಿಬಿ ಬದಲು ಹತ್ತಿರ ಹತ್ತಿರ 4 ಜಿಬಿ ವಿಳಾಸ ಸಿಗುವುದು ಉಚಿತ ಲಾಭ. 3 ಜಿಬಿಗಿಂತ ಮೇಲೆ ವಿಳಾಸವೇ ಇರಲ್ಲ ಅಂದುಕೊಂಡಿದ್ದ ಹಳೇ ರಿಪೋರ್ಟ್ ಪ್ರೋಗ್ರಾಂ ಮಾತ್ರ ಇದರಿಂದಲೇ ಬಿತ್ತು. ಸೆಟ್‌ಆರ್ಕ್‌ನಲ್ಲಿ 3ಜಿಬಿ ಆಯ್ಕೆ ಕೊಟ್ಟು ಅದನ್ನು ಹಳೇ ಮಿತಿಯಲ್ಲೇ ಓಡಿಸುತ್ತೇನೆ. ಯಂತ್ರದ ಬಗೆ ಹೇಳುವ ಯುನೇಮ್ ನೋಡಿ ದಾರಿ ತಪ್ಪುವ ಬಿಲ್ಡ್ ಸ್ಕ್ರಿಪ್ಟ್‌ಗಳಿಗೆ 32 ಬಿಟ್ ಅಂತಲೇ ತೋರಿಸುವ ಲಿನಕ್ಸ್32 ಕಮಾಂಡ್.

ನಾಲ್ಕು ರಾತ್ರಿ ತಿಂದದ್ದು ಲಾರಿ ತೂಗುವ ವೇಬ್ರಿಡ್ಜ್‌ನ ಪಿಸಿಐ ಕಾರ್ಡ್. 32 ಬಿಟ್ ಮಾಡ್ಯೂಲ್ (ಅದರ ಡ್ರೈವರ್) 64 ಬಿಟ್ ಕರ್ನಲ್‌ಗೆ ಹತ್ತುವುದೇ ಇಲ್ಲ. ಪುಣ್ಯಕ್ಕೆ ಸೋರ್ಸ್ ಇತ್ತು. ಕಂಪೈಲ್ ಆಯಿತು, ಲೋಡ್ ಆಯಿತು, ಐಆಕ್ಟಲ್ (ಪ್ರೋಗ್ರಾಂ ಡ್ರೈವರ್‌ಗೆ ಕೊಡುವ ಆದೇಶ) ಮಾತ್ರ ಇನ್‌ಅಪ್ರೋಪ್ರಿಯೇಟ್ ಅಂತ ವಾಪಸ್. ಡ್ರೈವರ್‌ನಲ್ಲಿ 32 ಬಿಟ್ ಪ್ರೋಗ್ರಾಂಗಳ ಆದೇಶ ಕೇಳುವ ಕಂಪ್ಯಾಟ್ ಐಆಕ್ಟಲ್ ಹ್ಯಾಂಡ್ಲರೇ ಇರಲಿಲ್ಲ. ಅದನ್ನು ಸೇರಿಸಿದ ಮೇಲೂ ಅದೇ ರಾಗ. ಆದೇಶದ ಜೊತೆ ಹೋಗುವ ಸ್ಟ್ರಕ್ಟ್‌ನಲ್ಲಿ (ದತ್ತಾಂಶದ ಕಟ್ಟು) ಒಂದು ಇಂಟ್ (32 ಬಿಟ್ ಸಂಖ್ಯೆ), ಅದರ ಬೆನ್ನಿಗೆ 64 ಬಿಟ್ ಸಂಖ್ಯೆ: ಹಳೇ ಲೆಕ್ಕದಲ್ಲಿ 12 ಬೈಟ್, ಹೊಸದರಲ್ಲಿ ಪ್ಯಾಡಿಂಗ್ ಸೇರಿ 16. ಕಮಾಂಡ್ ಸಂಖ್ಯೆಯೊಳಗೇ ಈ ಅಳತೆ ಅಡಗಿರುವುದರಿಂದ ಸಂಖ್ಯೆಯೇ ಬೇರೆಯಾಗಿತ್ತು! ಆ ಸದಸ್ಯನಿಗೆ ಹಳೇ ಲೆಕ್ಕದಲ್ಲೇ ಕೂರುವ ಕಂಪ್ಯಾಟ್ ಯು64 ಟೈಪ್ ಕೊಟ್ಟೆ, ತೂಕ ಬಂತು.

ಐಪಿಸೆಕ್ (ನೆಟ್‌ವರ್ಕ್ ಸಂವಹನವನ್ನು ಗುಪ್ತಗೊಳಿಸುವ ವ್ಯವಸ್ಥೆ) ಇದ್ದವರು ಕರ್ನಲ್ 5.10ಕ್ಕಿಂತ ಹಳೆಯದರಲ್ಲಿ ಕೈಹಾಕಬೇಡಿ. ಐಪಿಸೆಕ್‌ಗಾಗಿ 32 ಬಿಟ್ ಟೂಲ್‌ಗಳು ಕರ್ನಲ್‌ಗೆ ಕಳಿಸುವ ಎಕ್ಸ್‌ಎಫ್‌ಆರ್‌ಎಂ ಸಂದೇಶಕ್ಕೆ ಕಂಪ್ಯಾಟ್ ಬಂದದ್ದೇ ಅಲ್ಲಿ. ಅದೇ ಪೆಟ್ಟಿಗೆಯಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಎಮು ಕೂಡ ಪರೀಕ್ಷಿಸಿದೆ. ಲಾಂಗ್ ಮೋಡ್‌ನಲ್ಲಿ ವಿಎಂ86 (ಹಳೇ 16 ಬಿಟ್ ಕೋಡನ್ನು ನೇರ ಓಡಿಸುವ ಸ್ಥಿತಿ) ಇಲ್ಲ, ಎಮ್ಯುಲೇಶನ್‌ನಲ್ಲಿ ತೆವಳಿತು, ಬಿಟ್ಟೆ.

ಡೆಬಿಯನ್ 13ರಲ್ಲಿ ಐ386 (32 ಬಿಟ್) ಕರ್ನಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಬೂಟ್ ಆಗಲ್ಲ ಅಂದಿದ್ದ ಒಬ್ಬರು ಮೊನ್ನೆ ಫೋನ್ ಮಾಡಿ ಸ್ಟೆಪ್ಸ್ ಕೇಳಿದರು.