ಮೊದಲ ಪೆಟ್ಟು ಬಿಟ್ಟು ಎತ್ತಿಕೊಂಡ ಹಾಡು

ಕಳೆದ ಮಳೆಗಾಲದಲ್ಲಿ ನಾನೊಂದು ಹಾಡು ಕಟ್ಟಿದೆ. ಬಿಟ್ಟುಹೋದವನನ್ನು ನೆನೆದು ಕೊರಗುವ ಹಾಡಲ್ಲ, ‘ಹೋದೆಯಾ? ಹೋಗು’ ಎಂದು ಸೊಂಟದ ಮೇಲೆ ಕೈಯಿಟ್ಟು ಹೇಳುವ ಹಾಡು. ನಮ್ಮ ಭಾವಗೀತೆಗಳಲ್ಲಿ ವಿರಹಕ್ಕೆ ಕಣ್ಣೀರು ಧಾರಾಳವಾಗಿ ಸಿಗುತ್ತದೆ, ಬಿಂಕ ಸಿಗುವುದು ಕಡಿಮೆ. ಆ ಬಿಂಕ ರೆಗೆ ಎಂಬ ಜಮೈಕಾದ ಸಂಗೀತದ ಲಯದಲ್ಲಿದೆ ಎಂದು ನನಗೆ ತೋರಿಸಿಕೊಟ್ಟದ್ದು 2006ರಲ್ಲಿ ಬಂದ, ಇಂಗ್ಲೆಂಡಿನ ಗಾಯಕಿ ಲಿಲಿ ಅಲೆನ್ ಅವರ ‘ಸ್ಮೈಲ್’ ಹಾಡು. ಮೋಸ ಮಾಡಿದವನು ಅಳುವುದನ್ನು ಕಂಡು ಹುಡುಗಿಗೆ ನಗು ಬರುತ್ತದೆ. ಆ ನಗುವಿಗೆ ಆಸರೆಯಾಗಿರುವುದು ಜಮೈಕಾದ ದಿ ಸೋಲ್ ಬ್ರದರ್ಸ್ ತಂಡದ ಹಳೆಯ ಧ್ವನಿಮುದ್ರಿಕೆಯೊಂದರ ತುಣುಕು.

ನಾನು ಮೊದಲು ಬರೆದ ಸಾಲು ‘ನೀನು ಬಿಟ್ಟು ಹೋದ ಮೇಲೆ’. ಗಿಟಾರ್ ಹಿಡಿದು ಹಾಡಿದರೆ ಸಾಲು ನಿಲ್ಲಲೇ ಇಲ್ಲ. ಎಣಿಸಿ ನೋಡಿದೆ: ಮೂರು ಮಾತ್ರೆಯ ನಾಲ್ಕು ಗಣ. ಓಡುವ ನಡೆ, ಅದೂ ಸಮದಿಂದಲೇ, ಅಂದರೆ ತಾಳದ ಮೊದಲ ಪೆಟ್ಟಿನಿಂದಲೇ ಹೊರಡುವಂಥದ್ದು. ರೆಗೆ ಓಡುವುದಿಲ್ಲ. 1960ರ ದಶಕದ ಕೊನೆಗೆ ಜಮೈಕಾದಲ್ಲಿ ರೂಪುಗೊಂಡ ಈ ಸಂಗೀತದಲ್ಲಿ ‘ವನ್ ಡ್ರಾಪ್’ ಎಂಬ ಡ್ರಮ್ ನಡೆಯಿದೆ. ನಾಲ್ಕು ಪೆಟ್ಟಿನ ಆವರ್ತದಲ್ಲಿ ಮೊದಲ ಪೆಟ್ಟು ಖಾಲಿ. ಮೂರನೆಯದಕ್ಕೆ ಕಾಲಿನ ಡ್ರಮ್ಮೂ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಅಂಚಿನ ಮೇಲೆ ಅಡ್ಡ ಬೀಳುವ ಕೋಲೂ ಒಟ್ಟಿಗೆ. ಬಾಬ್ ಮಾರ್ಲಿಯ ದಿ ವೇಲರ್ಸ್ ತಂಡದ ಡ್ರಮ್ ವಾದಕ ಕಾರ್ಲ್‌ಟನ್ ಬ್ಯಾರೆಟ್ ನುಡಿಸಿದ್ದನ್ನು ಕೇಳಿದರೆ ಆ ಖಾಲಿ ಜಾಗದ ಬೆಲೆ ತಿಳಿಯುತ್ತದೆ. ಎರಡಕ್ಕೂ ನಾಲ್ಕಕ್ಕೂ ಗಿಟಾರಿನ ಚಿಕ್ಕ ಕತ್ತರಿ ಏಟು.

ಚಿಕ್ಕಂದಿನಲ್ಲಿ ಸಂಗೀತ ಹೇಳಿಕೊಟ್ಟ ಮೇಷ್ಟ್ರು ಅನಾಗತದ, ಅಂದರೆ ತಾಳ ಹೊರಟ ಮೇಲೆ ಎತ್ತಿಕೊಳ್ಳುವ, ಕೃತಿ ಕಲಿಸುವಾಗ ‘ಕೈ ಮೊದಲು ಬೀಳಲಿ, ಆಮೇಲೆ ಬಾಯಿ ತೆರೆ’ ಎನ್ನುತ್ತಿದ್ದರು. ತಾಳ ಶುರುವಾಗಿಬಿಟ್ಟಿರುತ್ತದೆ, ಹಾಡು ಆಮೇಲೆ ಬಂದು ಸೇರಿಕೊಳ್ಳುತ್ತದೆ. ಅದನ್ನೇ ಇಲ್ಲಿ ಮಾಡಿದೆ. ಮೊದಲ ಪೆಟ್ಟಿನ ಎರಡು ಮಾತ್ರೆ ಸುಮ್ಮನಿದ್ದು, ಎರಡನೆಯದಕ್ಕೆ ಎತ್ತಿಕೊಳ್ಳಬೇಕು. ಆಗ ಬಂದ ಸಾಲು ಇದು:

ಕೊಡೆ ಇಲ್ಲಿದೆ,
ಮಳೆ ಅಲ್ಲಿದೆ.

ನಿಜಕ್ಕೂ ಬಿಟ್ಟುಹೋದವನ ಕೊಡೆ ನನ್ನ ಮನೆಯ ಬಾಗಿಲ ಹಿಂದೆಯೇ ಉಳಿದಿತ್ತು. ‘ಕೊಡೆ’ ಎರಡನೆಯ ಪೆಟ್ಟಿಗೆ, ಗಿಟಾರಿನ ಜೊತೆ. ‘ಇಲ್’ ಎಂಬ ಗುರು ಸರಿಯಾಗಿ ಮೂರಕ್ಕೆ, ಡ್ರಮ್ಮಿನ ಮೇಲೆ. ‘ಲಿದೆ’ ನಾಲ್ಕಕ್ಕೆ. ಎರಡು ಮಾತ್ರೆ ಮೌನ, ಆರು ಮಾತ್ರೆ ಮಾತು, ಮತ್ತೆ ಮೌನ. ‘ಕೊಡೆ’ ಎಂದರೆ ‘ನಾನು ಕೊಡುವುದಿಲ್ಲ’ ಎಂದೂ ಆಗುತ್ತದೆ ಎನ್ನುವುದು ಬರೆದಾದ ಮೇಲೆ ಹೊಳೆಯಿತು. ಕನ್ನಡ ತಾನಾಗಿ ಇಟ್ಟುಕೊಟ್ಟ ಶ್ಲೇಷೆ ಅದು. ಎರಡನೆಯ ಚರಣವನ್ನು ‘ಕೇಳಿದರೂ ಕೊಡೆ’ ಎಂಬ ಮಾತಿನ ಸುತ್ತಲೇ ಕಟ್ಟಿದೆ.

ಗಿಟಾರಿನಲ್ಲಿ ಕೆಲಸವೆಲ್ಲ ಎಡಗೈಯದು. ಬಲಗೈ ತಂತಿ ಸವರಿದ ಮರುಕ್ಷಣ ಎಡಗೈ ಬೆರಳುಗಳನ್ನು ತಂತಿಯ ಮೇಲಿಂದ ತೆಗೆಯದೆ ಒತ್ತಡವನ್ನಷ್ಟೇ ಸಡಿಲಿಸಬೇಕು. ನಾದ ‘ಚಕ್’ ಎಂದು ಅಲ್ಲೇ ಮುಗಿಯುತ್ತದೆ. ಒತ್ತಡ ತಡವಾಗಿ ಸಡಿಲಿಸಿದರೆ ನಾದ ಉಳಿದುಕೊಂಡು ಖಾಲಿ ಪೆಟ್ಟನ್ನು ತುಂಬಿಬಿಡುತ್ತದೆ. ತುಂಬಿತೆಂದರೆ ಬಿಂಕವೆಲ್ಲ ಹೋಯಿತು. ಇದೊಂದಕ್ಕೇ ನನಗೆ ಮೂರು ವಾರ ಹಿಡಿಯಿತು. ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಎರಡೇ; ಎರಡೂ ಸಿಹಿಯಾಗಿ ಕೇಳುವ ಮೇಜರ್. ಮಾತು ಹರಿತವಾಗಿದ್ದಾಗ ರಾಗ ಸಿಹಿಯಾಗಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಬೇಸ್ ಗಿಟಾರ್ ನುಡಿಸಿದ ಗೆಳತಿ ಹೆಬ್ಬೆರಳಿನಿಂದ, ಗಿಟಾರಿನ ಕತ್ತಿನ ಹತ್ತಿರ, ದಪ್ಪ ನಾದದಲ್ಲಿ ನುಡಿಸಿದಳು. ಹಾಡಿನ ನಿಜವಾದ ರಾಗ ಅವಳ ಕೈಯಲ್ಲೇ ಇದೆ.

ಹಾಡಲು ನಿಂತಾಗ ಮಾತ್ರ ಗಂಟಲು ಹಳೆಯ ದಾರಿ ಹಿಡಿಯಿತು. ‘ಅಲ್ಲಿದೆ’ಯ ಕೊನೆಗೆ ಗಮಕ, ಅಂದರೆ ಸ್ವರದ ಓಲಾಟ, ಬಂದು ಅದು ಬಿಕ್ಕಿದಂತೆ ಕೇಳುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ಹಾಡಿದೆ: ಸ್ವರಗಳನ್ನು ಬಿಡಿಬಿಡಿಯಾಗಿ, ಮಾತಾಡುವ ದನಿಯಲ್ಲಿ, ಪ್ರತಿ ಸಾಲಿನ ಕೊನೆಯನ್ನು ಗಿಟಾರಿನ ಹಾಗೆಯೇ ಕತ್ತರಿಸಿ. ಡ್ರಮ್ ನುಡಿಸುತ್ತಿದ್ದ ಗೆಳೆಯ ಮೂರನೆಯ ಸುತ್ತಿಗೆ ತಲೆಯಾಡಿಸತೊಡಗಿದ. ಧ್ವನಿಮುದ್ರಣದಲ್ಲಿ ಉಳಿಸಿಕೊಂಡಿರುವುದು ಆ ಸುತ್ತನ್ನೇ.