ಮೋಟರ್ ಇಲ್ಲದೆ ಗಾಲಿ ಇಳಿಸಿದೆ: ನನ್ನ ಅನುಭವ

ಮಾಡೆಲ್ ವಿಮಾನದ ಲ್ಯಾಂಡಿಂಗ್ ಗೇರ್, ಅಂದರೆ ಮಡಚುವ ಗಾಲಿ, ತನ್ನ ಭಾರಕ್ಕೇ ಇಳಿದು ಲಾಕ್ ಆಗುತ್ತೆ ಅಂದಾಗ ಬಳ್ಳಾರಿಯ ನಮ್ಮ ಗೆಳೆಯರು ಯಾರೂ ನಂಬಲಿಲ್ಲ. "ಮೋಟರ್ ಇಲ್ದೆ ಹೆಂಗ್ ಇಳೀತದಪ್ಪಾ?" ಅಂದರು. ಈ ಬೇಸಿಗೆ ಪೂರ್ತಿ ಹಾರಿಸಿದೆ, ಒಮ್ಮೆಯೂ ಕೈಕೊಟ್ಟಿಲ್ಲ.

ಮೊದಲು ಹಾಕಿದ್ದು ಎಲೆಕ್ಟ್ರಿಕ್ ರಿಟ್ರ್ಯಾಕ್ಟ್, ಅಂದರೆ ಮೋಟರ್ ಸ್ಕ್ರೂ ತಿರುಗಿಸಿ ಗಾಲಿ ಮಡಚುವ, ಇಳಿಸುವ ಸೆಟ್. ಸೆಟ್‌ಗೆ ಸುಮಾರು 4,500 ರೂಪಾಯಿ. ಎರಡು ಸೆಟ್ ಹೋದವು. ಪ್ರೊಪೆಲ್ಲರ್, ಬಾಲ್ಸಾ ಅನ್ನೋ ಹಗುರ ಮರ ಎಲ್ಲ ಸೇರಿ 15,000ದ ಹತ್ತಿರ ಮಣ್ಣುಪಾಲು. ಕಾರಣ ಮೋಕಾ ಕಡೆಯ ಎರೆ ಹೊಲದ ಧೂಳು. ಬಿಚ್ಚಿ ನೋಡಿದರೆ ಸ್ಕ್ರೂ ತುಂಬ ಗ್ರೀಸ್, ಧೂಳು ಕಲೆತ ಕಪ್ಪು ಮುದ್ದೆ. ಅಲ್ಲಿ ಗಾಲಿ ಇಳಿಸುವ ನಟ್ ಬಿಗಿಯುತ್ತೆ, ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ. ಮೋಟರ್ ನಡೆಸುವ ಬೋರ್ಡ್ ಅದನ್ನೇ 'ಗಾಲಿ ಪೂರ್ತಿ ಇಳೀತು' ಅಂತ ತಿಳಿದು ಅರ್ಧಕ್ಕೇ ನಿಲ್ಲಿಸಿಬಿಡುತ್ತೆ. ಒಂದು ಗಾಲಿ ಕೆಳಗೆ, ಇನ್ನೊಂದು ಅರ್ಧ! ಎರಡೂ ಮೇಲಿದ್ದರೆ ಹೊಟ್ಟೆ ಮೇಲಾದರೂ ಇಳಿಸಬಹುದಿತ್ತು ಅಲ್ವಾ?

2011ರ ನವೆಂಬರ್ 1ರಂದು ವಾರ್ಸಾದಲ್ಲಿ ಪೋಲೆಂಡಿನ ಪ್ರಯಾಣಿಕ ವಿಮಾನ ಬೋಯಿಂಗ್ 767 ಹಾಗೇ ಇಳಿಯಿತು. ಗಾಲಿ ಇಳಿಸುವ ಹೈಡ್ರಾಲಿಕ್ ಆಯಿಲ್ ಸೋರಿಹೋಗಿತ್ತು. ಮೇಲೆ ಹಿಡಿದಿಟ್ಟ ಕೊಕ್ಕೆ ಬಿಡಿಸಿದ್ದರೆ ಗಾಲಿಗಳು ಭಾರಕ್ಕೇ ಇಳಿಯುತ್ತಿದ್ದವು. ಆದರೆ ಕೊಕ್ಕೆ ಬಿಡಿಸುವ ಮೋಟರಿನ ಲೈನಿನಲ್ಲಿ ಸರ್ಕ್ಯೂಟ್ ಬ್ರೇಕರ್ ಟ್ರಿಪ್ ಆಗಿ ಕರೆಂಟ್ ಇರಲಿಲ್ಲ. ಕ್ಯಾಪ್ಟನ್ ತಾಡೆಯುಷ್ ವ್ರೋನಾ ಹೊಟ್ಟೆ ಮೇಲೇ ಇಳಿಸಿದರು. 231 ಜನರೂ ಉಳಿದರು.

ಅದನ್ನು ಓದಿಯೇ ನನ್ನ ದಾರಿ ಹಿಡಿದೆ. ಗಾಲಿ ಮೇಲೆ ಎಳೆಯೋದಕ್ಕೆ ಮೀನಿನ ಗಾಳದ ದಾರ, ಒಂದು ಸರ್ವೋ (ರಿಮೋಟ್ ಹೇಳಿದಷ್ಟು ತೋಳು ತಿರುಗಿಸುವ ಪುಟ್ಟ ಸಾಧನ). ಮೇಲೆ ಗಾಲಿ ಹಿಡಿದಿಡೋಕೆ ಕೊಕ್ಕೆ. ಕೊಕ್ಕೆ ಬಿಡಿಸುವ ಸರ್ವೋಗೆ ಬೇರೆಯೇ ಪುಟ್ಟ ಬ್ಯಾಟರಿ. ಗಾಲಿ ಮುಂದಕ್ಕೆ ಮಡಚುತ್ತೆ, ಹಾಗಾಗಿ ಬಿಟ್ಟ ಕೂಡಲೇ ಎದುರುಗಾಳಿಯೇ ಹಿಂದಕ್ಕೆ ತಳ್ಳಿ ಇಳಿಸುತ್ತೆ. ಕೊನೆಯಲ್ಲಿ ಆಸರೆ ಕಡ್ಡಿ ಮೊಣಕಾಲಿನ ಹಾಗೆ ನೆಟ್ಟಗಾಗಿ, ಕೂದಲೆಳೆಯಷ್ಟು ಆಚೆ ಸರಿದು ಲಾಕ್ ಆಗುತ್ತೆ. 'ಟಕ್' ಅನ್ನುತ್ತೆ. ನೆಟ್ಟಗೆ ಮಾತ್ರ ಬಂದು ನಿಂತರೆ ಸಾಲದು, ನೆಲ ಮುಟ್ಟಿದ ಏಟಿಗೆ ಮಡಚಿಕೊಳ್ಳುತ್ತೆ. ಆ ಕಡ್ಡಿಯ ಅಳತೆ, ಸ್ಪ್ರಿಂಗ್ ಎಲ್ಲಿಂದ ತಂದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಖರ್ಚು 800 ದಾಟಿಲ್ಲ. ವಿಮಾನದ ತೂಕ ಎರಡು ಕೆ.ಜಿ. ಚಿಲ್ಲರೆ.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಗಾಲಿ ಇಳಿಯದಿದ್ದರೆ ಹೊಟ್ಟೆ ಮೇಲೆ ಜಾರಲಿ ಅಂತ ಪೇಂಟ್ ಡಬ್ಬಿಯ ಮುಚ್ಚಳ ಕತ್ತರಿಸಿ ವಿಮಾನದ ಹೊಟ್ಟೆಗೆ ಅಂಟಿಸಿದೆ. ಹುಲ್ಲಿನ ಮೇಲೆ ಚೆನ್ನಾಗಿ ಜಾರುತ್ತೆ, ಹತ್ತಿ ಕಟ್ಟಿಗೆಯ ಕೂಳೆ ಸಿಕ್ಕರೆ ಹರಿದೇ ಹೋಗುತ್ತೆ. ಹಳೇ ಡಿಸಿ-3 ವಿಮಾನದಲ್ಲಿ ಗಾಲಿ ಮಡಚಿದರೂ ಸ್ವಲ್ಪ ಹೊರಗೇ ಇರುತ್ತಿತ್ತು, ಹೊಟ್ಟೆ ಮೇಲೆ ಇಳಿದರೂ ಏಟು ಕಮ್ಮಿ. ಈಗ ನಾನೂ ಹಾಗೇ ಬಿಟ್ಟಿದ್ದೇನೆ, ಮುಚ್ಚಳ ಬೇಕಾಗಿಲ್ಲ.

ಮುಂದೆ ಮೂತಿ ಗಾಲಿಗೂ ಇದನ್ನೇ ಹಾಕುತ್ತೇನೆ. ಅದು ತಿರುಗಲೂಬೇಕು, ಅಲ್ಲೇ ಕಷ್ಟ.